ಸ್ನೂಕರ್ ಕ್ಯೂ: ಒರೆಸಿದರೆ ಬಾಳುತ್ತದೆ, ಉಜ್ಜಿದರೆ ಸವೆಯುತ್ತದೆ

ಕಳೆದ ತಿಂಗಳು ನಮ್ಮ ಕ್ಲಬ್ಬಿಗೆ ಬರುವ ಹುಡುಗನೊಬ್ಬ ತನ್ನ ಕ್ಯೂ ತಂದು ನನ್ನ ಕೈಗಿಟ್ಟ. ‘ಅಂಕಲ್, ಹೊಡೆಯೋವಾಗ ಬೆರಳಿಗೆ ಏನೋ ತಗುಲುತ್ತೆ, ಸ್ವಲ್ಪ ನೋಡಿ’ ಅಂದ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ತುದಿಯ ಕಡೆಗೆ ಸರಿಸುತ್ತಾ ಹೋದೆ. ಮರ ಮುಗಿದು ತುದಿಯ ಹಿತ್ತಾಳೆ ಬಳೆ, ಅಂದರೆ ಫೆರೂಲ್, ಶುರುವಾಗುವಲ್ಲಿ ಉಗುರು ಸಿಕ್ಕಿಕೊಂಡಿತು. ಎರಡೂ ಒಂದೇ ಮಟ್ಟದಲ್ಲಿ ಇರಬೇಕಾದ ಜಾಗದಲ್ಲಿ ಹಿತ್ತಾಳೆ ಸಣ್ಣ ಮೆಟ್ಟಿಲಿನಂತೆ ಎದ್ದು ನಿಂತಿತ್ತು. ಹಿತ್ತಾಳೆ ದಪ್ಪಗಾಗಿರಲಿಲ್ಲ, ಮರ ತೆಳ್ಳಗಾಗಿತ್ತು. ಬೇಸಿಗೆಯಲ್ಲಿ ಕೈ ಬೆವೆತು ಕ್ಯೂ ಅಂಟುತ್ತಿದ್ದುದರಿಂದ ವಾರಕ್ಕೊಮ್ಮೆ ಸ್ಯಾಂಡ್ ಪೇಪರ್ ಹಿಡಿದು ಉಜ್ಜುತ್ತಿದ್ದನಂತೆ. ‘ಕ್ಲೀನಾಗಿ ಇಟ್ಕೊಂಡಿದ್ದೆ ಅಂಕಲ್’ ಎಂದು ಅವನು ಹೇಳಿದಾಗ ನನಗೆ ಸಂಕಟವಾಯಿತು. ಸವೆದ ಮರವನ್ನು ಮತ್ತೆ ಸೇರಿಸಲು ಯಾರಿಂದಲೂ ಆಗದು.

2003ರಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದು ಬಂದ ಮೇಲೆ ನಮ್ಮಲ್ಲಿ ಸ್ವಂತ ಕ್ಯೂ ಕೊಳ್ಳುವ ಹುಡುಗರನ್ನು ಹೆಚ್ಚು ಕಾಣುತ್ತಿದ್ದೇನೆ. ಅಪ್ಪ ಅಮ್ಮನನ್ನು ಕಾಡಿ ಬೇಡಿ ಕೊಂಡ ಕ್ಯೂ ಅದು. ಪ್ರೀತಿ ಹೆಚ್ಚಾಗಿಯೇ ಅದು ಕೆಡುತ್ತದೆ. ನಾನು ನೋಡಿದಂತೆ ಅಸಡ್ಡೆಯಿಂದ ಕೆಟ್ಟ ಕ್ಯೂಗಳಿಗಿಂತ ಅತಿ ಉಪಚಾರದಿಂದ ಕೆಟ್ಟವೇ ಜಾಸ್ತಿ.

ಮರ ಯಾವುದು?

ಮೊದಲು ಕೈಯಲ್ಲಿರುವ ಮರವನ್ನು ಗುರುತಿಸಿಕೊಳ್ಳಿ. ಸ್ನೂಕರ್ ಕ್ಯೂನ ಶಾಫ್ಟ್ ಹೆಚ್ಚಾಗಿ ಆ್ಯಶ್ ಅಥವಾ ಮೇಪಲ್ ಮರದ್ದು. ಮೈಮೇಲೆ ಬಾಣದ ಮೊನೆಗಳಂತೆ ಒಂದರ ಹಿಂದೊಂದು ಕಪ್ಪು ಗೆರೆಗಳಿದ್ದು, ಉಗುರಿಗೆ ಸಣ್ಣ ಗೀರುಗಳು ತಾಕಿದರೆ ಅದು ಆ್ಯಶ್. ಗೆರೆ ಎದ್ದು ಕಾಣದೆ ನುಣ್ಣಗೆ, ಹಾಲುಬಣ್ಣಕ್ಕೆ ಹತ್ತಿರವಾಗಿದ್ದರೆ ಮೇಪಲ್. ಆ್ಯಶ್‌ನ ಆ ಗೀರುಗಳು ಮರದ ತೆರೆದ ರಂಧ್ರಗಳು. ಚಾಕ್ ಪುಡಿ, ಬೆವರು, ಕೈಯ ಜಿಡ್ಡು ಸೇರಿಕೊಳ್ಳುವುದು ಅಲ್ಲಿಯೇ. ಹಿಡಿಯ ಭಾಗಕ್ಕೆ ಎಬೊನಿ, ಬೀಟೆಯಂಥ ಭಾರದ ಮರ ಹಾಕಿರುತ್ತಾರೆ. ಒಟ್ಟು ಉದ್ದ ಸುಮಾರು 57–58 ಇಂಚು, ತೂಕ ಅರ್ಧ ಕಿಲೋ ಆಸುಪಾಸು, ತುದಿಯ ಅಗಲ 9ರಿಂದ 10 ಮಿಲಿಮೀಟರ್. ಇಷ್ಟು ಸಪೂರವಾದ ತುದಿಯಿಂದ ಕೂದಲೆಳೆಯಷ್ಟು ಮರ ಹೋದರೂ ಹೊಡೆತದ ಗುಣ ಬದಲಾಗುತ್ತದೆ.

ದಿನದ ಒರೆಸುವಿಕೆ

ನಾನು ಆಟ ಕಲಿಯುತ್ತಿದ್ದ ಕಾಲಕ್ಕೆ ಕ್ಲಬ್ಬಿನಲ್ಲಿ ವಯಸ್ಸಾದ ಮಾರ್ಕರ್ ಒಬ್ಬರಿದ್ದರು. ಸ್ಕೋರು ಹಾಕುವುದು, ಟೇಬಲ್ಲಿಗೆ ಬ್ರಷ್ ಹೊಡೆಯುವುದು, ಟಿಪ್ ಬದಲಿಸುವುದು ಎಲ್ಲಾ ಅವರದೇ. ಫ್ರೇಮ್ ಮುಗಿದ ಕೂಡಲೇ ನನ್ನ ಕೈಯಿಂದ ಕ್ಯೂ ತೆಗೆದುಕೊಂಡು, ಹೆಗಲ ಮೇಲಿನ ಹಳೆ ಪಂಚೆಯ ತುಂಡನ್ನು ಹಿಡಿಯಿಂದ ತುದಿಯವರೆಗೆ ಒಂದೇ ಎಳೆತಕ್ಕೆ ಎಳೆಯುತ್ತಿದ್ದರು. ಬಿಳಿ ಬಟ್ಟೆಯ ಮೇಲೆ ನೀಲಿ ಪಟ್ಟೆ ಮೂಡುತ್ತಿತ್ತು. ಬಟ್ಟೆಯನ್ನು ಮಡಚಿ ಶುಭ್ರವಾದ ಮಗ್ಗುಲಿನಿಂದ ಮತ್ತೊಮ್ಮೆ, ಮತ್ತೆ ಮಡಚಿ ಇನ್ನೊಮ್ಮೆ. ನೀಲಿ ಬರುವುದು ನಿಂತ ಮೇಲೆಯೇ ‘ತಗೊಳ್ಳಿ ಸಾರ್’ ಎಂದು ಕೊಡುತ್ತಿದ್ದರು. ಬಟ್ಟೆಯನ್ನು ಯಾಕೆ ಮಡಚುತ್ತಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಆ ನೀಲಿ, ಟಿಪ್‌ಗೆ ಹಚ್ಚುವ ಚಾಕ್‌ನದು. ನಾವು ಚಾಕ್ ಎನ್ನುತ್ತೇವಾದರೂ ಅದು ಶಾಲೆಯ ಸೀಮೆಸುಣ್ಣವಲ್ಲ. ಸಿಲಿಕಾ, ಅಲ್ಯೂಮಿನಿಯಂ ಆಕ್ಸೈಡ್‌ನಂಥ ಗಟ್ಟಿ ಕಣಗಳ ಪುಡಿಯನ್ನು ಬಣ್ಣ ಸೇರಿಸಿ ಒತ್ತಿ ಮಾಡಿದ ಗಟ್ಟಿ ಅದು. ಸ್ಯಾಂಡ್ ಪೇಪರಿನಲ್ಲಿ ಇರುವಂಥವೇ ಆ ಕಣಗಳು. ಕೊಳೆಯಾದ ಬಟ್ಟೆಯಲ್ಲಿ ಒರೆಸಿದರೆ ಕ್ಯೂಗೆ ದಿನವೂ ತೆಳುವಾಗಿ ಪಾಲಿಶ್ ಪೇಪರ್ ಹಾಕಿದ ಹಾಗೆಯೇ. ಆದ್ದರಿಂದ ಒಗೆದು ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆಯನ್ನೋ ಮೈಕ್ರೋಫೈಬರ್ ಬಟ್ಟೆಯನ್ನೋ ಕೇಸ್‌ನಲ್ಲಿ ಸದಾ ಇಟ್ಟುಕೊಳ್ಳಿ. ಆಟ ಮುಗಿದ ತಕ್ಷಣ, ಬೆವರು ಆರುವ ಮೊದಲೇ ಒರೆಸಿ. ವಾರಕ್ಕೊಮ್ಮೆ ಬಟ್ಟೆ ಒಗೆಯಿರಿ. ಆಡುವ ಮೊದಲು ಕೈ ತೊಳೆದು ಒರೆಸಿಕೊಂಡರೆ ಅರ್ಧ ಕೆಲಸ ಅಲ್ಲೇ ಮುಗಿದಂತೆ. ಬೋಂಡಾ ತಿಂದ ಕೈಯಲ್ಲಿ ಕ್ಯೂ ಹಿಡಿಯಬೇಡಿ.

ತಿಂಗಳಿಗೊಮ್ಮೆ ಒದ್ದೆ ಬಟ್ಟೆ

ಒಣ ಬಟ್ಟೆಗೆ ಬಗ್ಗದಷ್ಟು ಜಿಡ್ಡು ಕೂತಿದ್ದರೆ ಮಾತ್ರ ನೀರಿನ ಮಾತು. ಬಟ್ಟೆಯ ಒಂದು ಮೂಲೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಇನ್ನು ಒಂದು ಹನಿಯೂ ಬಾರದಷ್ಟು ಹಿಂಡಿ. ಒಂದು ಗೇಣು ಜಾಗ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ತೇವ ತೆಗೆಯಿರಿ. ಆಮೇಲೆ ಮುಂದಿನ ಗೇಣು. ಪೂರ್ತಿ ಕ್ಯೂ ಒದ್ದೆ ಮಾಡಿ ಕಡೆಗೆ ಒರೆಸಿದರಾಯಿತು ಎನ್ನಬೇಡಿ. ನೀರು ಕುಡಿದ ಮರದ ನಾರು ಉಬ್ಬಿ ನಿಲ್ಲುತ್ತದೆ, ನುಣುಪು ಹೋಗಿ ತರಿತರಿಯಾಗುತ್ತದೆ. ತರಿಯಾಯಿತೆಂದು ಸ್ಯಾಂಡ್ ಪೇಪರ್ ಬರುತ್ತದೆ, ಅಲ್ಲಿಂದ ಕೇಡು ಶುರು. ಪಾತ್ರೆ ತೊಳೆಯುವ ಸೋಪು, ನೆಲ ಒರೆಸುವ ದ್ರಾವಣ, ಪೀಠೋಪಕರಣಕ್ಕೆ ಹೊಡೆಯುವ ಸ್ಪ್ರೇ ಯಾವುದೂ ಬೇಡ. ಒರೆಸಿದ ಮೇಲೆ ಒಣ ಬಟ್ಟೆಯನ್ನು ಶಾಫ್ಟ್ ಸುತ್ತ ಬಿಗಿಯಾಗಿ ಹಿಡಿದು, ಕೈ ಬೆಚ್ಚಗಾಗುವವರೆಗೆ ಜೋರಾಗಿ ಮೇಲೆ ಕೆಳಗೆ ತಿಕ್ಕಿ. ಆ ಶಾಖಕ್ಕೆ ಎದ್ದ ನಾರು ಕೂತು ಮರ ಹೊಳಪಿಗೆ ಬರುತ್ತದೆ.

ಅಗಸೆ ಎಣ್ಣೆಯ ವಿಚಾರ

ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಹಚ್ಚಿ ಬೆಳೆದವರು ನಾವು. ಕ್ಯೂಗೂ ಅದೇ ಎಣ್ಣೆ ಸರಿ, ಪ್ರಮಾಣ ಮಾತ್ರ ಬೇರೆ. ಬ್ಯಾಟಿಗೆ ಚಮಚದ ಲೆಕ್ಕವಾದರೆ ಕ್ಯೂಗೆ ಹನಿಯ ಲೆಕ್ಕ. ಬೇಕಾದದ್ದು ಕಾಯಿಸದ, ಏನೂ ಬೆರೆಸದ ಹಸಿ ಅಗಸೆ ಎಣ್ಣೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಜೊತೆಗೆ ಚಟ್ನಿಪುಡಿಯಾಗುವ ಅದೇ ಅಗಸಿಯನ್ನು ಗಾಣದಲ್ಲಿ ಹಿಂಡಿದ ತಾಜಾ ಎಣ್ಣೆಯೂ ನಡೆಯುತ್ತದೆ. ಬಣ್ಣದಂಗಡಿಯಲ್ಲಿ ‘ಬಾಯ್ಲ್ಡ್’ ಎಂದು ಮಾರುವುದರಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ದಿನವೂ ಬೆರಳು ಹತ್ತುವ ಮರಕ್ಕೆ ನಾನು ಅದನ್ನು ಹಾಕಲಾರೆ.

ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಯಾಕಾಗದು ಎಂದು ಕೇಳುವವರಿದ್ದಾರೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾದ ಪೊರೆಯಾಗುತ್ತದೆ. ಕೊಬ್ಬರಿ ಎಣ್ಣೆ ಎಷ್ಟು ದಿನವಾದರೂ ಎಣ್ಣೆಯಾಗಿಯೇ ಉಳಿದು ಧೂಳನ್ನು ಎಳೆದುಕೊಳ್ಳುತ್ತದೆ, ಕೈಗೂ ಅಂಟುತ್ತದೆ.

ಮೊದಲು ಕ್ಯೂ ಪೂರ್ತಿ ಒಣಗಿರಬೇಕು. ಬಟ್ಟೆಯ ಮೇಲೆ ಮೂರು ನಾಲ್ಕು ಹನಿ ಬಿಟ್ಟುಕೊಂಡು ಶಾಫ್ಟ್ ಉದ್ದಕ್ಕೂ ತೆಳ್ಳಗೆ ಸವರಿ. ಹತ್ತು ನಿಮಿಷ ಬಿಟ್ಟು, ಹಚ್ಚಿದ್ದನ್ನೆಲ್ಲ ಒರೆಸಿ ತೆಗೆಯುತ್ತೀರೋ ಎಂಬಂತೆ ಒಣ ಬಟ್ಟೆಯಲ್ಲಿ ಒರೆಸಿ. ಉಳಿಯಬೇಕಾದಷ್ಟು ಮರದೊಳಗೆ ಉಳಿದಿರುತ್ತದೆ. ಒಂದು ಇಡೀ ದಿನ ಗಾಳಿಯಾಡುವಲ್ಲಿ ಮಲಗಿಸಿಟ್ಟು, ಆಮೇಲೆ ಒಣ ಬಟ್ಟೆಯಲ್ಲಿ ತಿಕ್ಕಿ ಹೊಳಪು ಕೊಡಿ. ವರ್ಷಕ್ಕೆ ಎರಡು ಮೂರು ಸಲ ಸಾಕು. ತುದಿಯ ಟಿಪ್‌ಗೂ ನಡುವಿನ ಜಾಯಿಂಟ್‌ಗೂ ಎಣ್ಣೆ ತಾಗಬಾರದು. ಶಾಫ್ಟಿಗೆ ವಾರ್ನಿಷ್ ಅಥವಾ ಲ್ಯಾಕರ್ ಹೊಡೆದಿದ್ದರೆ ಎಣ್ಣೆ ಒಳಗಿಳಿಯುವುದೇ ಇಲ್ಲ, ಹಚ್ಚಿ ಪ್ರಯೋಜನವಿಲ್ಲ.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಓದಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೋ ಕೇಸ್‌ನ ಮೂಲೆಗೋ ತುರುಕಿದರೆ ಆ ಶಾಖ ಹೊರಹೋಗದೆ, ಕಡ್ಡಿ ಗೀರದೆಯೂ ಬೆಂಕಿ ಹತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಬಯಲಿನಲ್ಲಿ ಒಂದೇ ಪದರವಾಗಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿ ಬಿಸಾಡಿ.

ಫೆರೂಲ್, ಟಿಪ್, ಜಾಯಿಂಟ್

ಹಿತ್ತಾಳೆ ಕಂಡೊಡನೆ ನಮ್ಮ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ಕ್ಯೂಗೆ ಅದು ಬೇಡ. ಹುಳಿಯೂ ನೀರೂ ಫೆರೂಲ್ ಅಂಚಿನಿಂದ ಮರದೊಳಗೆ ಇಳಿದು ಅಲ್ಲಿ ಕಪ್ಪು ಕಲೆ ಬಿಡುತ್ತವೆ, ಅಂಟೂ ಸಡಿಲವಾಗುತ್ತದೆ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಸಾಕಷ್ಟು ಹೊಳೆಯುತ್ತದೆ. ಅದಕ್ಕಿಂತ ಹೆಚ್ಚು ಹೊಳೆಯಬೇಕಾದ ಅಗತ್ಯವೂ ಇಲ್ಲ.

ಟಿಪ್ ಚರ್ಮದ್ದು. ಮೇಲ್ಭಾಗ ಸಣ್ಣ ಗುಮ್ಮಟದಂತೆ ಇರಬೇಕು. ಹೊಡೆದು ಹೊಡೆದು ಬದಿಗಳು ಅಣಬೆಯ ಕೊಡೆಯಂತೆ ಹೊರಚಾಚಿದರೆ, ಕ್ಯೂವನ್ನು ತಲೆಕೆಳಗಾಗಿ ಗಟ್ಟಿ ಹಲಗೆಯ ಮೇಲೆ ನಿಲ್ಲಿಸಿ, ಹೊಸ ಬ್ಲೇಡಿನಿಂದ ಮೇಲಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಬ್ಲೇಡ್ ಮರವನ್ನು ಮುಟ್ಟಬಾರದು. ಮೇಲ್ಭಾಗ ಕನ್ನಡಿಯಂತೆ ಹೊಳೆಯತೊಡಗಿದರೆ ಚಾಕ್ ನಿಲ್ಲದೆ ಮಿಸ್‌ಕ್ಯೂ ಆಗುತ್ತದೆ. ಆಗ ಮಾತ್ರ ಮೆಲ್ಲಗೆ ತರಿ ಮಾಡಿಕೊಳ್ಳಿ. ಕ್ಯೂಗೆ ಸಂಬಂಧಪಟ್ಟಂತೆ ಸ್ಯಾಂಡ್ ಪೇಪರಿಗೆ ಕೆಲಸವಿರುವುದು ಈ ಚರ್ಮದ ಮೇಲೆ ಮಾತ್ರ. ಹೊಸ ಟಿಪ್ ಅಂಟಿಸುವುದನ್ನು ಮೊದಲ ಎರಡು ಸಲ ಬಲ್ಲವರಿಂದ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ.

ಜಾಯಿಂಟ್‌ನ ತಿರುಪನ್ನು ಆಗಾಗ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಧೂಳು ತೆಗೆಯಿರಿ. ಕೈ ಬಿಗಿಯಷ್ಟೇ ತಿರುಗಿಸಿ, ಅದಕ್ಕಿಂತ ಬಿಗಿ ಬೇಡ.

ಎಲ್ಲಿ ಇಡಬೇಕು

ಸ್ನೂಕರ್ ಹುಟ್ಟಿದ್ದು 1875ರಲ್ಲಿ, ಜಬಲ್‌ಪುರದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳ ನಡುವೆ. ಮಳೆಗಾಲದಲ್ಲಿ ಹೊರಗೆ ಹೋಗಲಾಗದೆ ಹುಡುಕಿಕೊಂಡ ಆಟವೆನ್ನುತ್ತಾರೆ. ಆಟಕ್ಕೆ ಒದಗಿದ ಆ ಮಳೆಗಾಲ ಕ್ಯೂಗೆ ಆಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಮರ ಬಿಟ್ಟೀತೇ? ಗಟ್ಟಿ ಕೇಸ್‌ನಲ್ಲಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ. ಹೊರಗೋಡೆಗೆ ತಾಗಿಸದೆ, ಮಂಚದ ಮೇಲೋ ಕಪಾಟಿನ ಒಳಗೋ ಸಮತಟ್ಟಾಗಿ ಮಲಗಿಸಿ. ಬಾಗಿಲ ಹಿಂದೆ ಓರೆಯಾಗಿ ಒರಗಿಸಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ನನ್ನ ಮೊದಲ ಕ್ಯೂ ಒಂದೇ ಮಳೆಗಾಲದಲ್ಲಿ ಹಾಗೆಯೇ ಬಾಗಿತು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯೂ ಅಷ್ಟೇ ಅಪಾಯ. ಮಳೆಯಲ್ಲಿ ನೆನೆದರೆ ಒರೆಸಿ ನೆರಳಿನಲ್ಲಿ ಆರಲು ಬಿಡಿ. ಹೇರ್ ಡ್ರೈಯರ್, ಬಿಸಿಲು ಎರಡೂ ಬೇಡ.

ಪ್ರಯಾಣದಲ್ಲಿ ಕೇಸ್‌ಗೆ ಹಣ ಉಳಿಸಬೇಡಿ. ಏಳು ಬಾರಿ ವಿಶ್ವ ಚಾಂಪಿಯನ್ ಆದ ಸ್ಟೀಫನ್ ಹೆಂಡ್ರಿ ಆ ಏಳನ್ನೂ ಗೆದ್ದದ್ದು ಹುಡುಗನಾಗಿದ್ದಾಗ ಕೊಂಡ ಅಗ್ಗದ ಕ್ಯೂವೊಂದರಿಂದ. 2003ರಲ್ಲಿ ಬ್ಯಾಂಕಾಕ್‌ನಿಂದ ಹಿಂದಿರುಗುವಾಗ ವಿಮಾನದ ಸಾಮಾನಿನಲ್ಲಿ ಅದು ಮುರಿದುಹೋಯಿತು. ಆಮೇಲೆ ಅವರು ವಿಶ್ವ ಪ್ರಶಸ್ತಿ ಗೆಲ್ಲಲಿಲ್ಲ.

ಬಾಗಿದೆಯೇ ಎಂದು ಅನುಮಾನ ಬಂದರೆ ಟೇಬಲ್ ಮೇಲೆ ಉರುಳಿಸಿ ಗಾಬರಿಯಾಗಬೇಡಿ. ಕೈಯಿಂದ ಮಾಡಿದ ಒಳ್ಳೆಯ ಕ್ಯೂ ಕೂಡ ಉರುಳುವಾಗ ಸ್ವಲ್ಪ ಕುಲುಕುತ್ತದೆ. ಹಿಡಿಯ ತುದಿಗೆ ಒಂದು ಕಣ್ಣಿಟ್ಟು, ಬಂದೂಕಿನ ನಳಿಗೆ ನೋಡುವಂತೆ ಉದ್ದಕ್ಕೂ ನೋಡುತ್ತಾ ನಿಧಾನವಾಗಿ ತಿರುಗಿಸಿ. ಸಣ್ಣ ಬಾಗು ಇದ್ದರೂ ಚೆಂಡು ನೀವು ಅಂದುಕೊಂಡ ಕಡೆಗೆ ಹೋಗುತ್ತಿದ್ದರೆ ಅದೇ ಕ್ಯೂನಲ್ಲಿ ಆಡುತ್ತಿರಿ. ಭಾರ ಹೇರಿ, ಬಿಸಿ ಮಾಡಿ ನೆಟ್ಟಗೆ ಮಾಡಲು ಮನೆಯಲ್ಲಿ ಕೈ ಹಾಕಬೇಡಿ. ಹಾಗೆ ಮಾಡಿ ಸರಿಹೋದ ಒಂದು ಕ್ಯೂವನ್ನೂ ನಾನು ಈವರೆಗೆ ನೋಡಿಲ್ಲ.