ಅಂಕ ನೋಡುವ ಮುನ್ನ

ಶಾಲೆಯಲ್ಲಿ ಮಕ್ಕಳ ಮನಸ್ಸಿನ ನೆಮ್ಮದಿ ಅಳೆಯಲು ಪ್ರಶ್ನಾವಳಿ ಕೊಡುವ ಮೇಷ್ಟ್ರೇ, ಮೇಡಂ, ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ‘ಡಬ್ಲ್ಯುಎಚ್‌ಒ-5’ರಲ್ಲಿ ಇರುವುದು ಐದೇ ವಾಕ್ಯ. ಕಳೆದ ಎರಡು ವಾರ ಲವಲವಿಕೆಯಿಂದ ಇದ್ದೆನೇ, ಎದ್ದಾಗ ಮೈಮನಸ್ಸು ಹಗುರವಿತ್ತೇ ಎಂಬಂಥವು. ಒಂದೊಂದಕ್ಕೂ 0ಯಿಂದ 5 ಅಂಕ. ಮೊತ್ತವನ್ನು 4ರಿಂದ ಗುಣಿಸಿದರೆ ನೂರಕ್ಕೆ ಎಷ್ಟೆಂದು ಸಿಗುತ್ತದೆ. 50ಕ್ಕಿಂತ ಕಡಿಮೆ ಬಂದರೆ ಕಾಯಿಲೆ ಎಂದಲ್ಲ, ಆ ಮಗುವಿನ ಜೊತೆ ಕೂತು ಮಾತಾಡಬೇಕು ಎಂದರ್ಥ. ಪಕ್ಕದವರು ಇಣುಕುವಂತೆ ಕೂರಿಸಿ ಬರೆಸಬೇಡಿ. ಆಗ ಹದಿಹರೆಯದವರು ಎಲ್ಲ ಸರಿಯಿದೆ ಎಂದೇ ಗುರುತು ಹಾಕಿಬಿಡುತ್ತಾರೆ. ಉತ್ತರ ಯಾರು ಓದುತ್ತಾರೆಂದು ಮೊದಲೇ ತಿಳಿಸಿ. ಪರೀಕ್ಷೆಯ ವಾರ ಬೇಡವೇ ಬೇಡ. ಅಂಕ ಚೆನ್ನಾಗಿದ್ದೂ ಮಗು ಮಂಕಾಗಿ ಕಂಡರೆ ನಿಮ್ಮ ಕಣ್ಣನ್ನೇ ನಂಬಿ. ಬದುಕು ಸಾಕೆಂಬ ಮಾತು ಬಂದರಂತೂ ಮಗುವನ್ನು ಒಂಟಿಯಾಗಿ ಬಿಡದೆ, ಆಗಲೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.