ವಾಹನಗಳ ನಡುವಣ ನಿಸ್ತಂತು ಸಂಪರ್ಕ: ವೇಗ ಮತ್ತು ಸರದಿಯ ನಿರ್ಣಯ

ಚಳಿಗಾಲದ ಮುಂಜಾನೆ ಗ್ರೇಟರ್ ನೋಯ್ಡಾದಿಂದ ಆಗ್ರಾಕ್ಕೆ ಸಾಗುವ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಮಂಜು ಕವಿದಾಗ ವಾಹನಗಳು ಒಂದರ ಹಿಂದೊಂದು ಡಿಕ್ಕಿ ಹೊಡೆದ ದುರಂತಗಳು ಸಂಭವಿಸಿವೆ. ಗಂಟೆಗೆ 90 ಕಿಲೋಮೀಟರ್ ವೇಗದ ವಾಹನವು ಒಂದು ಸೆಕೆಂಡಿನಲ್ಲಿ 25 ಮೀಟರ್ ಕ್ರಮಿಸುತ್ತದೆ. ಮುಂದಿನ ವಾಹನ ಬ್ರೇಕ್ ಹಾಕಿದ ಸುದ್ದಿಯು ರೇಡಿಯೋ ತರಂಗದ ಮೂಲಕ ಹಿಂದಿನವರಿಗೆ ತತ್‌ಕ್ಷಣ ತಲುಪಿದರೆ ಜೀವಹಾನಿಯನ್ನು ತಡೆಯಲು ಸಾಧ್ಯ. ಇದೇ ವಾಹನ-ವಾಹನ ಸಂಪರ್ಕದ ಉದ್ದೇಶ.

ಇದಕ್ಕಾಗಿ ರೂಪಿಸಲಾದ 802.11ಪಿ ಎಂಬ ಮಾನಕವು 2010ರಲ್ಲಿ ಅಂಗೀಕೃತವಾಯಿತು. ಇದು 5.9 ಗಿಗಾಹರ್ಟ್ಸ್ ಆವರ್ತಾಂಕದ ಸುತ್ತ, 10 ಮೆಗಾಹರ್ಟ್ಸ್ ಅಗಲದ ಚಾನೆಲ್‌ಗಳಲ್ಲಿ, ಸೆಕೆಂಡಿಗೆ 3ರಿಂದ 27 ಮೆಗಾಬಿಟ್‌ವರೆಗೆ ಮಾಹಿತಿಯನ್ನು ಸಾಗಿಸುತ್ತದೆ.

ಹೊಂದಾಣಿಕೆಯ ಮಾಡ್ಯುಲೇಷನ್

ಮಾಹಿತಿಯನ್ನು ತರಂಗದ ಮೇಲೆ ಏರಿಸುವ ಕ್ರಿಯೆಯೇ ಮಾಡ್ಯುಲೇಷನ್. ಸರಳ ವಿಧಾನದಲ್ಲಿ ಒಂದು ಸಂಕೇತವು ಒಂದೇ ಬಿಟ್ಟನ್ನು ಹೊರುತ್ತದೆ. ಸಂಕೀರ್ಣ ವಿಧಾನದಲ್ಲಿ ಆರು ಬಿಟ್‌ಗಳನ್ನು ಹೊರುತ್ತದೆ. ಹೊರೆ ಹೆಚ್ಚಿದಷ್ಟೂ ಸಂಕೇತಗಳ ನಡುವಣ ಅಂತರ ಕಿರಿದಾಗಿ, ಅಲ್ಪ ಗದ್ದಲವೂ ದೋಷಕ್ಕೆ ಕಾರಣವಾಗುತ್ತದೆ. ಆದುದರಿಂದ ಸಂಕೇತ ಪ್ರಬಲವಾಗಿದ್ದಾಗ ಸಂಕೀರ್ಣ ವಿಧಾನವನ್ನೂ ದುರ್ಬಲವಾಗಿದ್ದಾಗ ಸರಳ ವಿಧಾನವನ್ನೂ ಆಯ್ದುಕೊಳ್ಳಲಾಗುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಈ ತರಂಗದ ಉದ್ದ ಸುಮಾರು 5 ಸೆಂಟಿಮೀಟರ್ ಮಾತ್ರ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಬರುವ ಎರಡು ವಾಹನಗಳ ನಡುವಣ ಅಂತರವು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಐದೂವರೆ ಮೀಟರಿನಷ್ಟು ಕುಗ್ಗುತ್ತದೆ. ಆಗ ಕ್ಷಣದ ಹಿಂದೆ ಅಳೆದ ಸಂಕೇತಬಲವು ಹಳತಾಗಿಬಿಡುತ್ತದೆ. ಅಲ್ಲದೆ ಎಚ್ಚರಿಕೆಯ ಸಂದೇಶವು ಸುತ್ತಲಿನ ಎಲ್ಲರನ್ನೂ ಉದ್ದೇಶಿಸಿದ್ದಾದ್ದರಿಂದ ಯಾರಿಂದಲೂ ಸ್ವೀಕೃತಿ ಬರುವುದಿಲ್ಲ. ಈ ಕಾರಣದಿಂದ ಸುರಕ್ಷತಾ ಸಂದೇಶಗಳಿಗೆ ಸಾಮಾನ್ಯವಾಗಿ 6 ಮೆಗಾಬಿಟ್‌ನ ಸ್ಥಿರ ದರವನ್ನೇ ಬಳಸಲಾಗುತ್ತದೆ. ಎರಡೇ ವಾಹನಗಳ ನಡುವಣ ಮಾಹಿತಿ ವಿನಿಮಯದಲ್ಲಿ ಹೊಂದಾಣಿಕೆಯು ಹೆಚ್ಚು ಫಲಕಾರಿ.

ಪ್ಯಾಕೆಟ್‌ಗಳ ಸರದಿ

ಪ್ರತಿಯೊಂದು ವಾಹನವೂ ತನ್ನ ಸ್ಥಾನ, ವೇಗ ಹಾಗೂ ದಿಕ್ಕನ್ನು ಸೆಕೆಂಡಿಗೆ ಹತ್ತು ಬಾರಿಯವರೆಗೆ ಸಾರುತ್ತದೆ. ಸಂದೇಶವೊಂದು 300 ಬೈಟ್ ಇದೆಯೆಂದು ಭಾವಿಸಿದರೆ, 200 ವಾಹನಗಳಿಂದ ಸೆಕೆಂಡಿಗೆ 4.8 ಮೆಗಾಬಿಟ್ ಮಾಹಿತಿ ಹೊರಡುತ್ತದೆ. 6 ಮೆಗಾಬಿಟ್‌ನ ಚಾನೆಲ್ ಬಹುತೇಕ ಭರ್ತಿಯಾಗುತ್ತದೆ.

ಇಂತಹ ಸಂದಣಿಯಲ್ಲಿ ಬ್ರೇಕಿನ ಎಚ್ಚರಿಕೆ ಹಿಂದುಳಿಯಬಾರದು. ಆದ್ದರಿಂದ ಮಾನಕವು ಪ್ಯಾಕೆಟ್‌ಗಳನ್ನು ನಾಲ್ಕು ಆದ್ಯತಾ ಸಾಲುಗಳಾಗಿ ವಿಂಗಡಿಸಿದೆ. ಮೇಲಿನ ಸಾಲಿನ ಪ್ಯಾಕೆಟ್‌ಗೆ ಕಾಯುವ ಅವಧಿ ಕಡಿಮೆ. ಹೊಸ ಸ್ಥಾನಸೂಚನೆ ಸಿದ್ಧವಾದೊಡನೆ ಹಳೆಯದನ್ನು ಕೈಬಿಡುವುದು, ಸಂದಣಿ ಹೆಚ್ಚಾದಾಗ ಸಾರುವ ಆವರ್ತನೆಯನ್ನು ತಗ್ಗಿಸುವುದು ಇತರ ಉಪಾಯಗಳು.

ಇವೆರಡೂ ಪರಸ್ಪರಾವಲಂಬಿ. ದರ ಹೆಚ್ಚಿಸಿದರೆ ಚಾನೆಲ್ ಬೇಗ ತೆರವಾಗುತ್ತದೆ. ಆದರೆ ಸಂದೇಶ ತಲುಪುವ ದೂರ ಕುಗ್ಗುತ್ತದೆ. ಮಂಜಿನಲ್ಲಿ ಬರುತ್ತಿರುವ ದೂರದ ಚಾಲಕನಿಗೂ ಎಚ್ಚರಿಕೆ ಸಕಾಲದಲ್ಲಿ ದೊರೆಯುವಂತೆ ಈ ಸಮತೋಲನವನ್ನು ಕಾಯ್ದುಕೊಳ್ಳಬೇಕಾಗುತ್ತದೆ.