ಬೋಳುಬೆಟ್ಟಗಳ ಸಂಪತ್ತು

ಬೆಟ್ಟದ ನಾಡು ಎಂದೊಡನೆ ಯಾರ ಕಣ್ಣೆದುರಿಗಾದರೂ ಮೂಡುವುದು ಹಸುರು. ಬಾಬಾಬುಡನ್‌ಗಿರಿಯ ಕಾಫಿ ತೋಟಗಳನ್ನೂ ನೀಲಗಿರಿಯ ಇಳಿಜಾರುಗಳಲ್ಲಿ ಹಾಸಿದಂತಿರುವ ಚಹಾ ತೋಟಗಳನ್ನೂ ನೋಡಲೆಂದು ಪ್ರತಿವರ್ಷ ಎಷ್ಟೋ ಜನ ಕಾಲ್ನಡಿಗೆಯಲ್ಲಿ ಬೆಟ್ಟವೇರುತ್ತಾರೆ. ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ತಾಲ್ಲೂಕುಗಳಲ್ಲಿಯೂ ಬೆಟ್ಟಗಳಿಗೆ ಕೊರತೆಯಿಲ್ಲ. ಆದರೆ ಇಲ್ಲಿ ತೋಟಗಳ ಹಸುರಿಲ್ಲ, ಸದಾ ಕವಿಯುವ ಮಂಜಿಲ್ಲ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಬಿಸಿಲಿಗೆ ಕಾದ ಬಂಡೆ, ಮುಳ್ಳುಪೊದೆ, ಒಣಹುಲ್ಲು ಇವೇ ಕಣ್ಣಿಗೆ ಬೀಳುತ್ತವೆ. ಬಸ್ಸಿನ ಕಿಟಕಿಯಿಂದ ನೋಡಿದವರು ಇದನ್ನು ‘ಬಂಜರು’ ಎಂದುಬಿಡುತ್ತಾರೆ. ಆ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ತಿಳಿಯಬೇಕಾದರೆ ಬಸ್ಸಿನಿಂದ ಇಳಿದು ನಡೆಯಬೇಕು.

ಈ ಬೆಟ್ಟಗಳ ವಯಸ್ಸು ಬಹಳ ದೊಡ್ಡದು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಆ ಹೆಸರಿನಿಂದಲೇ ಕರೆಯಲ್ಪಡುವ ಗ್ರಾನೈಟ್ ಶಿಲೆಯ ಕಿರಿದಾದ ಪಟ್ಟಿಯೊಂದು ರಾಮನಗರ, ಮಾಗಡಿಗಳ ಮೇಲಿಂದ ಉತ್ತರಾಭಿಮುಖವಾಗಿ ಹಾದು ಕೊರಟಗೆರೆ, ಮಧುಗಿರಿ, ಪಾವಗಡಗಳ ಸೀಮೆಯನ್ನು ದಾಟಿ ಮುಂದೆ ಹೋಗುತ್ತದೆ. ಭೂಮಿಯ ಆಳದಲ್ಲಿ ಕರಗಿದ್ದ ಶಿಲಾರಸ ಸುಮಾರು 250 ಕೋಟಿ ವರ್ಷಗಳ ಹಿಂದೆ ತಣಿದು ಗಟ್ಟಿಯಾಗಿ ಈ ಶಿಲೆ ಉಂಟಾಯಿತು. ಮೇಲಿದ್ದ ಪದರಗಳು ಕಾಲಕ್ರಮದಲ್ಲಿ ಸವೆದುಹೋದವು. ಒಳಗಿನ ಗಟ್ಟಿಗಲ್ಲು ಬೆಟ್ಟವಾಗಿ ಹೊರಬಂದಿತು. ಈರುಳ್ಳಿಯ ಸಿಪ್ಪೆ ಬಿಡಿಸಿದಂತೆ ಬಂಡೆಯ ಮೈಯಿಂದ ಚಕ್ಕೆಗಳು ಕಳಚುವುದರಿಂದ ಬೆಟ್ಟಕ್ಕೆ ಗುಂಡನೆಯ ಆಕಾರ ಬರುತ್ತದೆ. ಬಿರಿದು ಉರುಳಿದ ಬಂಡೆಗಳ ನಡುವೆ ಗವಿಗಳು ಏರ್ಪಡುತ್ತವೆ. ಇಲ್ಲಿನ ಜೀವಸಂಪತ್ತಿಗೆ ಈ ಗವಿಗಳೂ ಬಿರುಕುಗಳೂ ದೊಡ್ಡ ಆಸರೆ.

ಈ ಸಾಲಿನಲ್ಲಿ ಹೆಸರಾಂತದ್ದು ಮಧುಗಿರಿಯ ಏಕಶಿಲಾ ಬೆಟ್ಟ. ಊರಿನ ಪಕ್ಕದಲ್ಲಿಯೇ ಒಂದೇ ಬಂಡೆ ಗೋಡೆಯಂತೆ ಮೇಲೆದ್ದಿದೆ. ಅದರ ತುದಿ ಸಮುದ್ರಮಟ್ಟದಿಂದ ಸುಮಾರು 1200 ಮೀಟರು ಎತ್ತರದಲ್ಲಿದೆ. ಕೆಳಗಿನ ಕೋಟೆಬಾಗಿಲುಗಳನ್ನು ದಾಟುವವರೆಗೆ ಹತ್ತುವವನಿಗೆ ಕಷ್ಟವೆನಿಸದು. ಅಲ್ಲಿಂದ ಮುಂದೆ ಬಂಡೆಯ ಮೈಯಲ್ಲಿ ಕಡಿದ ಕಿರುಮೆಟ್ಟಿಲುಗಳೇ ದಾರಿ. ಕೆಲವೆಡೆ ಪಾದದ ಅರ್ಧ ಭಾಗಕ್ಕಷ್ಟೇ ಆಸರೆ ಸಿಗುತ್ತದೆ. ಆದುದರಿಂದ ಬಿಸಿಲೇರುವ ಮೊದಲೇ ಹತ್ತುವುದು ಒಳ್ಳೆಯದು. ಮಳೆಯಲ್ಲಿ ನೆನೆದ ಬಂಡೆಯನ್ನು ಏರುವುದು ಅಪಾಯಕರ.

ಕಡಿದಾದ ಈ ಮೈಯೇ ಹಿಂದಿನ ಅರಸರ ಕಣ್ಣಿಗೆ ಬಿದ್ದ ಸಂಪತ್ತು. ಸ್ಥಳೀಯ ಪಾಳೆಯಗಾರರು ಇಲ್ಲಿ ಕೋಟೆ ಕಟ್ಟಿ ಆಳಿದರು. 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಅದನ್ನು ಗೆದ್ದುಕೊಂಡರು. ಮುಂದೆ ಹೈದರಾಲಿ ಕೋಟೆಯನ್ನು ಬಲಪಡಿಸಿದನು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ, ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಹಿಡಿದು ತಂದಿರಿಸಿದ್ದು ಈ ಬೆಟ್ಟದಲ್ಲಿಯೇ. 1767ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಕೋಟೆಯನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ಮಲೆನಾಡಿನ ಮಳೆಯಲ್ಲಿ ಬೆಳೆದ ಆ ರಾಣಿಗೆ ಈ ಬಂಡೆಯ ಮೇಲಿನ ಬೇಸಗೆಗಳು ಹೇಗಿದ್ದಿರಬಹುದೆಂಬುದನ್ನು ಬಿಸಿಲಿನಲ್ಲಿ ಬೆಟ್ಟ ಹತ್ತಿದವನು ಊಹಿಸಬಲ್ಲನು.

ಆದರೆ ಇಷ್ಟು ಎತ್ತರದಲ್ಲಿ ಸೈನ್ಯವೊಂದು ಬದುಕಿದ್ದು ಯಾವ ನೀರಿನಿಂದ? ಉತ್ತರ ಬಂಡೆಯ ಮೇಲೆಯೇ ಇದೆ. ಕಲ್ಲಿನ ತಗ್ಗುಗಳಲ್ಲಿ ಮಳೆನೀರು ನಿಂತು ದೊಣೆಗಳಾಗುತ್ತವೆ. ಅಂದಿನವರು ಅಂಥವನ್ನು ಗುರುತಿಸಿ, ಕಟ್ಟೆ ಕಟ್ಟಿ, ನೀರನ್ನು ಕೂಡಿಟ್ಟರು. ದೊಣೆಗಳ ಅಂಚಿನಲ್ಲಿ ಬೇಸಗೆಯಲ್ಲಿ ಸತ್ತಂತೆ ಸುರುಟಿಕೊಂಡ ಪಾಚಿಯೂ ಜರೀಗಿಡಗಳೂ ಮೊದಲ ಮಳೆ ಬಿದ್ದೊಡನೆ ಬಿಚ್ಚಿಕೊಂಡು ಹಸುರಾಗುತ್ತವೆ. ಕಡಿದಾದ ಬಂಡೆಗಳ ಮರೆಯಲ್ಲಿ ಹೆಜ್ಜೇನುಗಳು ಹಲ್ಲೆ ಕಟ್ಟುತ್ತವೆ. ಹಿಂದೆ ಮದ್ದಗಿರಿ ಎನಿಸಿದ್ದ ಊರಿಗೆ ಇಂದಿರುವ ಮಧುಗಿರಿಯೆಂಬ ಹೆಸರಿಗೆ ಜನ ಈ ಜೇನನ್ನೇ ಕಾರಣವಾಗಿ ಹೇಳುತ್ತಾರೆ. ಇಂಥ ಕಡೆಗಳಲ್ಲಿ ಕೂಗಾಡುವುದಾಗಲಿ ಹೊಗೆಯೆಬ್ಬಿಸುವುದಾಗಲಿ ಪ್ರಾಣಕ್ಕೇ ಅಪಾಯ.

ಮಧುಗಿರಿಯಿಂದ ದಕ್ಷಿಣಕ್ಕೆ, ಕೊರಟಗೆರೆಯ ಕಡೆಗೆ ನಡೆದರೆ ಚನ್ನರಾಯನದುರ್ಗ, ಸಿದ್ಧರಬೆಟ್ಟ ಮೊದಲಾದ ಬೆಟ್ಟಗಳು ಒಂದರ ಹಿಂದೊಂದು ಕಾಣುತ್ತವೆ. ಸಿದ್ಧರಬೆಟ್ಟ ಗವಿಯೊಳಗಿನ ನೀರಿಗೂ ಔಷಧಿಯ ಗಿಡಮೂಲಿಕೆಗಳಿಗೂ ಹೆಸರಾದುದು. ಈ ಭಾಗದ ತಿಮ್ಲಾಪುರದ ಕಾಡು ಇಂದು ವನ್ಯಜೀವಿಧಾಮ. ಇಲ್ಲಿನ ಮುಖ್ಯ ನಿವಾಸಿ ಕರಡಿ. ಹಗಲಿನ ಬಿಸಿಲನ್ನು ಅದು ಬಂಡೆಗಳ ನಡುವಿನ ಗವಿಯಲ್ಲಿ ಕಳೆದು, ಸಂಜೆಯ ಮೇಲೆ ಆಹಾರಕ್ಕೆ ಹೊರಡುತ್ತದೆ. ಅದರ ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳಿಲ್ಲ. ಉಗುರಿನಿಂದ ಹುತ್ತವನ್ನು ಬಗೆದು, ಆ ಸಂದಿನಿಂದ ಗೆದ್ದಲನ್ನು ಗಾಳಿಯೊಡನೆ ಹೀರಿಕೊಳ್ಳುತ್ತದೆ. ಮರಿಗಳು ಚಿಕ್ಕವಾಗಿರುವಾಗ ತಾಯಿ ಅವನ್ನು ಬೆನ್ನಮೇಲೆ ಹೊತ್ತು ತಿರುಗುತ್ತದೆ. ಅದು ತಿಂದ ಕಾಡುಹಣ್ಣುಗಳ ಬೀಜ ದೂರದೂರಕ್ಕೆ ಹರಡಿ ಹೊಸ ಗಿಡಗಳಾಗುತ್ತವೆ. ಕಲ್ಲಿಗಾಗಿ ಇಂಥ ಗುಡ್ಡವೊಂದನ್ನು ಒಡೆದರೆ ಹೋಗುವುದು ಬರಿಯ ಕಲ್ಲಲ್ಲ, ಕರಡಿಯ ಮನೆಯೂ ಹೋಗುತ್ತದೆ. ಮನೆ ಕಳೆದುಕೊಂಡ ಪ್ರಾಣಿ ಹೊಲಗಳತ್ತ ಬಂದಾಗ ಮನುಷ್ಯನಿಗೂ ಅಪಾಯ, ಅದಕ್ಕೂ ಅಪಾಯ.

ಬೆಟ್ಟಗಳನ್ನು ಬಿಟ್ಟು ಮಧುಗಿರಿಯ ಈಶಾನ್ಯಕ್ಕೆ ಬಂದರೆ ನೆಲ ಸಮತಟ್ಟಾಗುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿ ಈ ಸೀಮೆಯಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇಲ್ಲಿನ ಮೈದನಹಳ್ಳಿಯ ಬಳಿ 798 ಎಕರೆ ವಿಸ್ತಾರದ ಹುಲ್ಲುಗಾವಲೊಂದಿದೆ. ಇದನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು. ಬೆಳಗಿನ ಹೊತ್ತಿನಲ್ಲಿ ಕೃಷ್ಣಮೃಗಗಳ ಹಿಂಡು ಹಿಂಡೇ ಇಲ್ಲಿ ಮೇಯುತ್ತಿರುತ್ತದೆ. ಬೆಳೆದ ಗಂಡಿಗೆ ಕಡುಗಪ್ಪು ಬೆನ್ನು, ಬೆಳ್ಳನೆಯ ಹೊಟ್ಟೆ, ಸುರುಳಿ ಸುತ್ತಿದ ಕೊಂಬು, ಹೆಣ್ಣು ಕಂದುಬಣ್ಣದ್ದು. ಅಪಾಯದ ಸುಳಿವು ಸಿಕ್ಕೊಡನೆ ಒಂದು ಮೃಗ ಮೇಲಕ್ಕೆ ನೆಗೆಯುತ್ತದೆ. ಮರುಕ್ಷಣವೇ ಹಿಂಡೆಲ್ಲ ಓಡತೊಡಗುತ್ತದೆ.

ಕೃಷ್ಣಮೃಗಕ್ಕೆ ದಟ್ಟವಾದ ಕಾಡು ಬೇಡ. ದೂರದವರೆಗೆ ನೋಡಲು, ತಡೆಯಿಲ್ಲದೆ ಓಡಲು ಬಯಲು ಬೇಕು. ಇದನ್ನರಿಯದೆ, ಖಾಲಿ ನೆಲಕ್ಕೆ ಮರ ಬೆಳೆಸಿದರೆ ಒಳಿತೆಂದು ಇಲ್ಲಿಯೂ ನೀಲಗಿರಿ ಮರಗಳನ್ನು ನೆಡಲಾಯಿತು. ಆ ಮರದ ಹೆಸರಿನಲ್ಲಿಯೇ ಒಂದು ಪಾಠವಿದೆ. ಚಹಾ ತೋಟಗಳಿಗೆ ಹೆಸರಾದ ನೀಲಗಿರಿ ಬೆಟ್ಟಗಳ ಮೇಲೆ ಹಿಂದೆ ವಿಶಾಲವಾದ ಹುಲ್ಲುಗಾವಲುಗಳೂ ನಡುನಡುವೆ ಶೋಲೆ ಕಾಡುಗಳೂ ಇದ್ದವು. 19ನೆಯ ಶತಮಾನದಿಂದೀಚೆಗೆ ಅವುಗಳ ಬಹುಭಾಗವನ್ನು ಚಹಾ ಮತ್ತು ಈ ವಿದೇಶಿ ಮರಗಳು ಆಕ್ರಮಿಸಿದವು. ನೋಡುವವನಿಗೆ ಅಲ್ಲಿ ಹಸುರು ತುಂಬಿದೆ. ಹುಲ್ಲನ್ನು ನಂಬಿದ್ದ ಜೀವಿಗಳಿಗೆ ಮಾತ್ರ ನೆಲೆ ತಪ್ಪಿದೆ. ಹಸುರಾದುದೆಲ್ಲ ಕಾಡಲ್ಲ, ಒಣಗಿದುದೆಲ್ಲ ಬಂಜರೂ ಅಲ್ಲ.

ಮೈದನಹಳ್ಳಿಯ ಸುತ್ತಣ ರೈತರ ಮಾತನ್ನೂ ಇಲ್ಲಿ ಮರೆಯಲಾಗದು. ಮೃಗಕ್ಕೆ ಹುಲ್ಲುಗಾವಲಿನ ಎಲ್ಲೆ ತಿಳಿಯದು. ಅದು ಪಕ್ಕದ ಹೊಲದ ಬೆಳೆಗೆ ಬಾಯಿಡುತ್ತದೆ. ಮಳೆಯನ್ನೇ ನೆಚ್ಚಿ ಬೆಳೆದ ಬೆಳೆಯ ಒಂದು ಪಾಲು ಹೋದರೆ ಬಡರೈತನಿಗೆ ಅದು ಸಣ್ಣ ನಷ್ಟವಲ್ಲ. ಕಾಡುಪ್ರಾಣಿಯನ್ನು ಉಳಿಸುವ ಹೊಣೆಯನ್ನು ಅವನೊಬ್ಬನ ಮೇಲೆ ಹೊರಿಸುವುದು ನ್ಯಾಯವೆನಿಸದು.

ಅಂಥ ನಷ್ಟವನ್ನು ಊರಿಗೆ ಊರೇ ಮನಸಾರೆ ಹಂಚಿಕೊಂಡ ಉದಾಹರಣೆ ಮಧುಗಿರಿಯ ಪಶ್ಚಿಮದ ಶಿರಾ ತಾಲ್ಲೂಕಿನಲ್ಲಿದೆ. ಶಿರಾ 1687ರಿಂದ ಮೊಗಲರ ಪ್ರಾಂತವೊಂದರ ರಾಜಧಾನಿಯಾಗಿ ಮೆರೆದ ಊರು. ಅದರ ಸಮೀಪದ ಕಗ್ಗಲಡು ಎಂಬ ಹಳ್ಳಿಯಲ್ಲಿ ಮನೆಗಳ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದುಬಕಗಳೂ ಗೂಡು ಕಟ್ಟುತ್ತವೆ. 1999ರಲ್ಲಿ ತುಮಕೂರಿನ ಪ್ರಕೃತಿಪ್ರಿಯರಿಂದ ಇದು ಹೊರಲೋಕಕ್ಕೆ ತಿಳಿಯಿತು. ಕೊಕ್ಕರೆಗಳು ವರ್ಷದ ಆರಂಭದಲ್ಲಿ ಬಂದು, ಮರಿ ಮಾಡಿ, ಮಳೆಗಾಲದಲ್ಲಿ ತೆರಳುತ್ತವೆ. ಹುಣಸೆಹಣ್ಣನ್ನು ಬಡಿದು ಉದುರಿಸುವ ಕಾಲವೂ ಅದೇ. ಬಡಿದರೆ ಗೂಡು ಬೀಳುತ್ತದೆಂದು ಜನ ಆ ಮರಗಳ ಫಲವನ್ನು ಬಿಟ್ಟುಕೊಡುತ್ತ ಬಂದಿದ್ದಾರೆ. ಹಿಕ್ಕೆಯ ನಾತವನ್ನೂ ಸಹಿಸಿದ್ದಾರೆ. ಆದರೆ ಹಕ್ಕಿಗೆ ಮರವೊಂದೇ ಸಾಲದು. ಸುತ್ತಣ ಕೆರೆಗಳಲ್ಲಿ ನೀರಿರಬೇಕು, ನೀರಿನಲ್ಲಿ ಮೀನಿರಬೇಕು.

ಇನ್ನು ಉತ್ತರದ ಪಾವಗಡದಲ್ಲಿ ನಿಡುಗಲ್ಲು ಬೆಟ್ಟವಿದೆ. ಅದು ಒಮ್ಮೆ ನಿಡುಗಲ್ಲಿನ ಚೋಳರ ನೆಲೆ. ಮಳೆಗಾಗಿ ಸದಾ ಕಾಯುವ ಈ ತಾಲ್ಲೂಕಿನ ತಿರುಮಣಿಯ ಸುತ್ತ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲದಲ್ಲಿ 2050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರ ತಲೆಯೆತ್ತಿದೆ. ಬೆಳೆಯನ್ನು ಸುಟ್ಟ ಬಿಸಿಲೇ ಇಂದು ಭೂಮಿಯ ಒಡೆಯರಿಗೆ ವರಮಾನ ತರುತ್ತಿದೆ. ಆದರೆ ಕುರಿ ಮೇಯಿಸುತ್ತಿದ್ದವರಿಗೆ ಆ ಬಯಲು ಇಲ್ಲವಾಯಿತು. ಯಾವ ನೆಲವೂ ಖಾಲಿಯಾಗಿರುವುದಿಲ್ಲ. ಅದನ್ನು ನಂಬಿದವರು ಯಾರಾದರೂ ಇದ್ದೇ ಇರುತ್ತಾರೆ.

ಹೀಗೆ ನಡೆದು ಬಂದವನಿಗೆ ಬಂಡೆಯಲ್ಲಿ ದೊಣೆಯೂ, ಗವಿಯಲ್ಲಿ ಕರಡಿಯೂ, ಒಣಹುಲ್ಲಿನಲ್ಲಿ ಕೃಷ್ಣಮೃಗವೂ, ಹುಣಸೆಯ ಕೊಂಬೆಯಲ್ಲಿ ಕೊಕ್ಕರೆಯ ಮರಿಯೂ ಕಂಡಿರುತ್ತವೆ. ಮತ್ತೊಮ್ಮೆ ಬಸ್ಸಿನ ಕಿಟಕಿಯಿಂದ ಈ ನಾಡನ್ನು ನೋಡುವಾಗ ‘ಬಂಜರು’ ಎಂಬ ಮಾತು ಅವನ ಬಾಯಿಂದ ಅಷ್ಟು ಸುಲಭವಾಗಿ ಹೊರಡಲಾರದು.